ಷಡ್ಡಕನ ಕ್ಯಾಮೆರಾಕ್ಕೆ ನನ್ನ ಕಾರ್ಡ್ ರೀಡರ್

ಷಡ್ಡಕ ಎಂಬ ಸಂಬಂಧವನ್ನು ಯಾರು ಕಂಡುಹಿಡಿದರೋ ನನಗೆ ಗೊತ್ತಿಲ್ಲ. ಕಂಡುಹಿಡಿದವನಿಗೆ ಷಡ್ಡಕ ಇರಲಿಲ್ಲ ಎಂಬುದಂತೂ ಖಾತ್ರಿ. ಅಣ್ಣತಮ್ಮಂದಿರಾದರೆ ಆಸ್ತಿಗಾಗಿ ಕೋರ್ಟಿಗೆ ಹೋಗಬಹುದು. ಎಂದೋ ಒಂದು ದಿನ ತೀರ್ಪು ಬಂದು ಎಲ್ಲ ಮುಗಿಯುತ್ತದೆ. ಅಕ್ಕನ ಗಂಡನೂ ತಂಗಿಯ ಗಂಡನೂ ಹಾಗೆ ಬಹಿರಂಗವಾಗಿ ಜಗಳವಾಡುವಂತಿಲ್ಲ. ಎದುರು ಸಿಕ್ಕಾಗ "ಆರಾಮಾ?" ಎಂದು ಹಲ್ಲು ಕಿರಿದು, ಮನೆಗೆ ಬಂದು ಬಾಗಿಲು ಹಾಕಿಕೊಂಡು ಹೊಟ್ಟೆ ಉರಿದುಕೊಳ್ಳಬೇಕು. ಈ ವಿದ್ಯೆಯಲ್ಲಿ ನನ್ನದು ದೀರ್ಘ ಸಾಧನೆ.

ನನ್ನ ಹೆಸರು ಬಸವಪ್ರಭು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ (ನಟ್ಟು, ಬೋಲ್ಟು, ಬೇರಿಂಗು, ಕೇಳಿದವರಿಗೆ ಕೊಡುವುದಕ್ಕಿಂತ "ಸ್ಟಾಕ್ ಇಲ್ಲ" ಎನ್ನುವುದೇ ಮುಖ್ಯ ಕೆಲಸ). ಮನೆ ವಿದ್ಯಾನಗರದಲ್ಲಿ. ಹೆಂಡತಿ ದಾಕ್ಷಾಯಿಣಿ ಹರಿಹರದ ವಾಮದೇವಪ್ಪನವರ ದೊಡ್ಡ ಮಗಳು. ಆ ಲೆಕ್ಕದಲ್ಲಿ ನಾನು ಆ ಮನೆಯ ಹಿರಿಯ ಅಳಿಯ. ಹಿರಿಯ ಅಳಿಯನಿಗೆ ಅಲ್ಲಿ ಇದ್ದದ್ದು ಒಂದೇ ಒಂದು ಅಧಿಕಾರ. ಯಾವ ಕಾರ್ಯವೇ ಆಗಲಿ, ಪಂಕ್ತಿಯಲ್ಲಿ ಮಾವನ ಬಲಗಡೆಯ ಎಲೆ ನನ್ನದು. ಬಡಿಸುವವರು ಮೊದಲು ಬಗ್ಗುವುದು ಮಾವನ ಎಲೆಗೆ, ಎರಡನೆಯದು ನನ್ನ ಎಲೆಗೆ. ಕಾರ್ಖಾನೆಯಲ್ಲಿ ಮ್ಯಾನೇಜರು, ಮನೆಯಲ್ಲಿ ದಾಕ್ಷಾಯಿಣಿ, ಬಸ್ಸಿನಲ್ಲಿ ಕಂಡಕ್ಟರು, ಎಲ್ಲರ ಕೈಲೂ ಮಾತು ಕೇಳಿಸಿಕೊಂಡು ಬದುಕುವ ನನ್ನಂಥವನಿಗೆ ಜಗತ್ತಿನಲ್ಲಿ ಇದ್ದ ಸಿಂಹಾಸನ ಆ ಒಂದು ಮಣೆ.

ಆ ಸಿಂಹಾಸನಕ್ಕೆ ಕೈ ಹಾಕಿದವನು ಬಕ್ಕೇಶ. ದಾಕ್ಷಾಯಿಣಿಯ ತಂಗಿ ಶಿವಲೀಲಾಳ ಗಂಡ. ಮಲೆಬೆನ್ನೂರಿನಲ್ಲಿ ಗೊಬ್ಬರದ ಅಂಗಡಿ. ಮೊದಲು ಅವನಿಂದ ನನಗೆ ಯಾವ ಅಪಾಯವೂ ಇರಲಿಲ್ಲ. ಪಂಕ್ತಿಯ ಕೊನೆಯಲ್ಲಿ ಕೈ ತೊಳೆಯುವ ನಲ್ಲಿಯ ಹತ್ತಿರ ಕೂತು, ಬಡಿಸಿದ್ದನ್ನು ತಿಂದು, ಎದ್ದು ಹೋಗುತ್ತಿದ್ದ. ಆದರೆ ಆ ವರ್ಷ ಗೊಬ್ಬರದ ಕಂಪನಿಯವರಿಗೆ ಏನು ಕೇಡು ಬಂತೋ, ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಸಿಂಗಪುರಕ್ಕೆ ಕರೆದುಕೊಂಡು ಹೋದರು. ಭದ್ರಾ ನಾಲೆಯ ಭತ್ತ ಯೂರಿಯಾ ತಿಂದದ್ದಕ್ಕೆ ಬಕ್ಕೇಶ ವಿಮಾನ ಹತ್ತಿದ. ನಾನು ನಟ್ಟು ಬೋಲ್ಟು ಎಷ್ಟು ಕೊಟ್ಟರೂ ನನ್ನನ್ನು ಯಾರೂ ಚಿತ್ರದುರ್ಗಕ್ಕೂ ಕರೆದುಕೊಂಡು ಹೋಗಲಿಲ್ಲ.

ಸಿಂಗಪುರದಿಂದ ಅವನು ಒಂದು ಕ್ಯಾಮೆರಾ ತಂದ. ಮಾವನ ಮನೆಯಲ್ಲಿ ಮೊಮ್ಮಗಳ (ಪರಊರಿನಲ್ಲಿರುವ ಮಗನ ಕೂಸು) ತೊಟ್ಟಿಲು ಕಾರ್ಯದ ದಿನ ಅದನ್ನು ಕೊರಳಿಗೆ ಹಾಕಿಕೊಂಡೇ ಜೀಪಿನಿಂದ ಇಳಿದ.

"ಇದಕ್ಕೆ ರೀಲೇ ಬ್ಯಾಡ ಅಣ್ಣಾರೆ," ಎಂದು ಹೊಟ್ಟೆ ತೆರೆದು ತೋರಿಸಿದ (ಕ್ಯಾಮೆರಾದ್ದು). ಒಳಗೆ ರೀಲು ಇರಲಿಲ್ಲ. ಬದಲಿಗೆ ಉಗುರಿನಷ್ಟು ತೆಳುವಾದ, ಬೆಂಕಿಪೊಟ್ಟಣದಗಲದ ಕಪ್ಪು ಬಿಲ್ಲೆಯೊಂದನ್ನು ಎಳೆದ. "ಎಲ್ಲಾ ಫೋಟೋನೂ ಈ ಬಿಲ್ಲೆಯಾಗೆ ಹೋಗಿ ಕೂಡ್ತಾವೆ. ಎಷ್ಟು ಹೊಡೆದ್ರೂ ಖರ್ಚಿಲ್ಲ."

"ಫೋಟೋ ಎಲ್ಲಿ ಕಾಣ್ತಾವೆ?" ಎಂದೆ.

"ಇದರಾಗೆ ಕಾಣಂಗಿಲ್ಲ. ಬರೇ ಎಷ್ಟು ಹೊಡೆದೀವಿ ಅಂತ ನಂಬರ್ ಬರ್ತೈತೆ. ನೋಡಬೇಕಂದ್ರ ಕಂಪ್ಯೂಟರ್ ಬೇಕಂತೆ."

ಅಷ್ಟು ಹೊತ್ತಿಗೆ ಮಾವ ಬಂದರು. ವಾಮದೇವಪ್ಪನವರು ಹಣೆ ತುಂಬ ವಿಭೂತಿಯ, ತೂಕದ ಮಾತಿನ ಮನುಷ್ಯ. ಆ ದಿನ ಮಾತ್ರ ಹೊಸ ಬೊಂಬೆ ಕಂಡ ಮಗುವಿನ ಹಾಗಾಗಿಬಿಟ್ಟರು. ಎಲೆ ಹಾಕಿದಾಗ ನಾನು ರೂಢಿಯಂತೆ ಅವರ ಬಲಗಡೆಗೆ ನಡೆದೆ. ಅವರು ನನ್ನ ಭುಜದ ಮೇಲಿಂದ ಕೂಗಿದರು.

"ಬಕ್ಕೇಶಪ್ಪ, ಇಲ್ಲಿ ಬರ್ರಿ, ನನ್ನ ಪಕ್ಕ ಕೂಡ್ರಿ. ಉಣ್ತಾ ಉಣ್ತಾ ಅದು ಹೆಂಗೆ ನಡೀತೈತೆ ಹೇಳ್ರಿ." ಆಮೇಲೆ ನನ್ನನ್ನು ನೋಡಿ, "ಪ್ರಭು, ನೀವು ಮನೇರು. ನೀವು ಎಲ್ಲಿ ಕೂತ್ರೂ ನಡೀತೈತೆ," ಎಂದರು.

'ನೀವು ಮನೆಯವರು' ಎಂಬ ಮಾತಿಗಿಂತ ಕ್ರೂರವಾದ ಮಾತು ಕನ್ನಡದಲ್ಲಿ ಇಲ್ಲ. ಅದನ್ನು ಹೇಳಿಸಿಕೊಂಡವನಿಗೆ ಕಾಫಿ ಕೊನೆಗೆ ಬರುತ್ತದೆ, ಚಾಪೆ ಹರಿದದ್ದು ಬರುತ್ತದೆ. ನಾನು ನಲ್ಲಿಯ ಹತ್ತಿರ, ಹಿಂದೆ ಬಕ್ಕೇಶ ಕೂರುತ್ತಿದ್ದ ಜಾಗದಲ್ಲಿ ಕೂತೆ. ನನ್ನವರೆಗೆ ಬರುವಷ್ಟರಲ್ಲಿ ಪಲ್ಯದ ಬಕೀಟಿನಲ್ಲಿ ಸೌಟಿನ ಸದ್ದು ಮಾತ್ರ ಉಳಿದಿತ್ತು. ಮೇಲೆ ನನಗೆ ಆಗಷ್ಟೇ ಸಕ್ಕರೆ ಕಾಯಿಲೆ ಶುರುವಾಗಿತ್ತು. ಸಿಹಿ ಮುಟ್ಟುವುದಿಲ್ಲವೆಂದು ದಾಕ್ಷಾಯಿಣಿಗೆ ಮಾತು ಕೊಟ್ಟಿದ್ದೆ. ಹೋಳಿಗೆ ಬಂದಾಗ ಅವಳು ಹೆಂಗಸರ ಸಾಲಿನಿಂದಲೇ ಕಣ್ಣಲ್ಲಿ ಗುರಿ ಇಟ್ಟಳು. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಅತ್ತ ಮಾವನ ಪಕ್ಕ ಬಕ್ಕೇಶ ಹೋಳಿಗೆಯನ್ನು ತುಪ್ಪದಲ್ಲಿ ಅದ್ದುತ್ತಿದ್ದ.

ಊಟವಾದ ಮೇಲೆ ಅವನು ಎದ್ದು ಮನೆ ತುಂಬ ಓಡಾಡುತ್ತ ಫಳ್ ಫಳ್ ಅನ್ನಿಸತೊಡಗಿದ. ನಾನು ಕಂಬಕ್ಕೆ ಒರಗಿ ಗಮನಿಸಿದೆ. ಗಮನಿಸಿದಂತೆಲ್ಲ ನನ್ನೊಳಗೆ ಒಂದು ಸತ್ಯ ಉದಯವಾಯಿತು.

ಇಲ್ಲಿ ಖಾಲಿ ಫ್ಲ್ಯಾಶಿನ ಬಗ್ಗೆ ಹೇಳಬೇಕು. ನಮ್ಮ ಕಡೆ ಮದುವೆಗಳಲ್ಲಿ ವೇದಿಕೆ ಹತ್ತಿದ ಪ್ರತಿಯೊಬ್ಬರಿಗೂ ಫೋಟೋ ಬೇಕು. ಎಲ್ಲರಿಗೂ ತೆಗೆದರೆ ರೀಲು ಎಲ್ಲಿಂದ ತರುವುದು? ಅದಕ್ಕೇ ಫೋಟೋಗ್ರಾಫರು ಮುಖ್ಯವಾದವರಿಗೆ ಕ್ಯಾಮೆರಾ ಒತ್ತುತ್ತಾನೆ, ಉಳಿದವರಿಗೆ ಬರೀ ಫ್ಲ್ಯಾಶ್ ಹೊಡೆಯುತ್ತಾನೆ. ಬೆಳಕು ಬಿದ್ದರೆ ಸಾಕು, ಬಂದವರು ಸಂತೋಷದಿಂದ ಊಟಕ್ಕೆ ಹೋಗುತ್ತಾರೆ. ನನ್ನ ಮದುವೆಯಲ್ಲಿ ಕಾರ್ಖಾನೆಯ ಗೆಳೆಯರೆಲ್ಲ ಸಾಲಾಗಿ ನಿಂತು, ತಲೆ ಬಾಚಿಕೊಂಡು, ಉಡುಗೊರೆ ಎತ್ತಿ ಹಿಡಿದು ಹಲ್ಲು ಬಿಟ್ಟಿದ್ದರು. ಆಲ್ಬಂ ಬಂದಾಗ ಅದರಲ್ಲಿ ಒಬ್ಬನೂ ಇರಲಿಲ್ಲ. ಮಾವನ ಕಡೆಯ ದೂರದ ಬೀಗರ ಡ್ರೈವರ್ ಕೂಡ ಎರಡು ಫೋಟೋದಲ್ಲಿದ್ದ. ಅಂದಿನಿಂದ ಖಾಲಿ ಫ್ಲ್ಯಾಶನ್ನು ಗುರುತಿಸುವುದರಲ್ಲಿ ನಾನು ಪರಿಣತ. ನಿಜವಾದ ಫೋಟೋಕ್ಕೆ ಮೊದಲು 'ಕಟಕ್' ಎಂಬ ಸದ್ದು, ಆಮೇಲೆ ರೀಲು ಸುತ್ತುವ 'ಗರ್' ಎಂಬ ಸದ್ದು ಬರಬೇಕು. ಬಕ್ಕೇಶನ ಕ್ಯಾಮೆರಾ ಕಟಕ್ ಅನ್ನಲಿಲ್ಲ, ಗರ್ ಅನ್ನಲೂ ಇಲ್ಲ. ಮೇಲಾಗಿ ರೀಲೇ ಇಲ್ಲವೆಂದು ಅವನೇ ಒಪ್ಪಿಕೊಂಡಿದ್ದ.

ಅಂದರೆ ಸಿಂಗಪುರದ ಯಾವನೋ ಈ ಗೊಬ್ಬರದ ವ್ಯಾಪಾರಿಗೆ ಬರೀ ಫ್ಲ್ಯಾಶ್ ಮಾರಿದ್ದಾನೆ. ನನಗಾದ ಆನಂದ ಅಷ್ಟಿಷ್ಟಲ್ಲ. ಆ ಮಧ್ಯಾಹ್ನವೆಲ್ಲ, ಖಾಲಿ ಫ್ಲ್ಯಾಶಿನ ಮುಂದೆ ಬುದ್ಧಿವಂತನಾದವನು ಎಷ್ಟು ನಿರಾಳವಾಗಿ ಇರಬಹುದೋ ಅಷ್ಟು ನಿರಾಳವಾಗಿ ಇದ್ದೆ. ಅದರ ವಿವರ ಈಗ ಬೇಡ.

ವಾಪಸು ಬರುವಾಗ ಬಸ್ಸಿನಲ್ಲಿ ದಾಕ್ಷಾಯಿಣಿಗೆ ಹೇಳಿದೆ.

"ನೋಡ್ತಿರು, ಒಂದು ಫೋಟೋನೂ ಬರಂಗಿಲ್ಲ. ಅದು ಖಾಲಿ ಫ್ಲ್ಯಾಶು."

"ನಿಮ್ಗೆ ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚಲ್ಲ, ತಾಂತ್ರಿಕ ಅಭಿಪ್ರಾಯ."

"ಹಂಗಾದ್ರ ನಿಮ್ಮ ತಾಂತ್ರಿಕ ಅಭಿಪ್ರಾಯದ ಸುಟ್ಟ ವಾಸನೆ ಬಸ್ಸೆಲ್ಲಾ ಹೊಡೀತೈತೆ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ನಾನು ಹೇಳಿದಂತೆಯೇ ಆಯಿತು. ವಾರಗಳು ಕಳೆದರೂ ಫೋಟೋ ಬರಲಿಲ್ಲ. ಅತ್ತೆ ಮರುಳಸಿದ್ದಮ್ಮನವರು ಪ್ರತಿ ಫೋನಿನಲ್ಲೂ ಕೇಳುತ್ತಿದ್ದರು. ಬಕ್ಕೇಶನ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಕ್ಯಾಮೆರಾದ ಜೊತೆಗೆ ಬಂದಿದ್ದ ವೈರನ್ನು ಬೇರೆ ಸಿಂಗಪುರದ ಹೋಟೆಲಿನಲ್ಲಿ ಬಿಟ್ಟು ಬಂದಿದ್ದ (ಪೆಟ್ಟಿಗೆ ಕಟ್ಟಿದ ದಾರ ಎಂದುಕೊಂಡನಂತೆ, ನನಗೆ ಬಹಳ ಹಿತವಾದ ಸಂಗತಿ). ಆದರೂ ಅವನ ಕೀರ್ತಿ ಕುಗ್ಗಲಿಲ್ಲ. ಕಾಣದ ಫೋಟೋಗಳು ದಿನದಿನಕ್ಕೆ ಇನ್ನಷ್ಟು ಚೆನ್ನಾಗುತ್ತ ಹೋದವು. ಹರಿಹರಕ್ಕೆ ಹೋದಾಗಲೆಲ್ಲ ಮಾವನ ಬಲಗಡೆಯ ಮಣೆ ಅವನಿಗೇ, ನಲ್ಲಿ ನನಗೇ.

ಹೀಗಿರುವಾಗ ಒಂದು ಭಾನುವಾರ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತಿದ್ದೆ. ಹೌದು, ನಮ್ಮ ಮನೆಯಲ್ಲಿ ಕಂಪ್ಯೂಟರ್ ಇತ್ತು. ಕಾರ್ಖಾನೆಯ ಆಫೀಸಿಗೆ ಹೊಸದು ಬಂದಾಗ ಹಳೆಯದನ್ನು ಮಗಳು ಸ್ನೇಹಾಳ ಓದಿಗೆಂದು ತಂದಿದ್ದೆ. ಅವಳು ಬಿ.ಕಾಂ. ಓದುತ್ತಿದ್ದಳು. ದಾಕ್ಷಾಯಿಣಿ ಹಳೆಯ ಪರದೆಯಲ್ಲಿ ಅದಕ್ಕೊಂದು ಗವುಸು ಹೊಲಿದಿದ್ದಳು. ಚಪ್ಪಲಿ ಹಾಕಿಕೊಂಡು ಅದರ ಹತ್ತಿರ ಹೋಗುವಂತಿರಲಿಲ್ಲ. ಭಾನುವಾರ ನಾನು ಅದರಲ್ಲಿ ಒಬ್ಬನೇ ಇಸ್ಪೀಟು ಆಡುತ್ತಿದ್ದೆ.

"ಸ್ನೇಹಾ, ಚಿಕ್ಕಪ್ಪನ ಬಿಲ್ಲೆ ಇದಕ್ಕೆ ಹಾಕಾಕೆ ಬರ್ತೈತಾ?" ಎಂದು ಕೇಳಿದೆ.

"ಹಂಗೇ ಬರಂಗಿಲ್ಲ ಅಪ್ಪಾಜಿ. ಕಾರ್ಡ್ ರೀಡರ್ ಅಂತ ಬರ್ತೈತೆ. ಅದನ್ನ ಹಿಂದೆ ಪ್ರಿಂಟರ್ ಚುಚ್ಚೋ ಕಡೆ ಚುಚ್ಚಿ, ಅದರಾಗೆ ಬಿಲ್ಲೆ ಹಾಕಿದ್ರೆ ಫೋಟೋ ಕಾಣ್ತಾವೆ. ಕ್ಯಾಮೆರಾದಂಗೆ ಭಾಳ ತುಟ್ಟಿ ಏನಲ್ಲ."

ಇಸ್ಪೀಟು ಅಲ್ಲೇ ನಿಂತಿತು. ನನ್ನ ಮಿದುಳಿನಲ್ಲಿ ಮಿಂಚು ಹೊಡೆಯಿತು. ಕ್ಯಾಮೆರಾ ಅವನದು, ಆದರೆ ಅದರ ಬಾಯಿ ಬಿಡಿಸುವ ಯಂತ್ರ ನನ್ನದಾದರೆ? ಬಿಲ್ಲೆ ಖಾಲಿ ಇದ್ದರೆ ಇಡೀ ಬಂಧುವರ್ಗದ ಎದುರಿಗೆ ಬಕ್ಕೇಶನ ಮಾನ ಹೋಗುತ್ತದೆ. ಅಪ್ಪಿತಪ್ಪಿ ಫೋಟೋ ಇದ್ದರೂ ನಷ್ಟವಿಲ್ಲ. ಅವನು ಏನು ಹೊಡೆದರೂ ನೋಡಲು ನನ್ನ ಮನೆಗೇ ಬರಬೇಕು, ನಾನು ಗುಂಡಿ ಒತ್ತಬೇಕು. ಯಾವ ಕಡೆ ಬಿದ್ದರೂ ಮಾವನ ಬಲಗಡೆಯ ಮಣೆ ನನ್ನದು. ಇಷ್ಟು ಕಡಿಮೆ ಖರ್ಚಿನಲ್ಲಿ ಸಿಂಹಾಸನವನ್ನು ಮರಳಿ ಪಡೆದ ರಾಜ ಚರಿತ್ರೆಯಲ್ಲಿ ಇರಲಾರ.

ಮಾರನೆಯ ದಿನವೇ ಹಯಾತ್ ಸಾಬರ ಅಂಗಡಿಗೆ ಹೋದೆ. ಅವರು ಗಡಿಯಾರ, ಟಾರ್ಚು, ಕ್ಯಾಲ್ಕುಲೇಟರು, ಕಂಪ್ಯೂಟರಿನ ಬಿಡಿಭಾಗ ಎಲ್ಲವನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಮಾರುವ ಹಸನ್ಮುಖಿ. ಕೇಳಿದ್ದಕ್ಕೆ ಅಟ್ಟದಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದರು. ಡಬ್ಬಿಯ ಮೇಲೆ ಥೇಟ್ ಬಕ್ಕೇಶನ ಬಿಲ್ಲೆಯದೇ ಚಿತ್ರ.

"ಅಸಲಿ ಮಾಲು ಸ್ವಾಮೇರೆ. ಬಾಂಬೇಯಿಂದ ಬೇರೆ ಸಾಮಾನಿನ ಜೊತೆ ಬಂದಿದ್ದು."

"ಚೆನ್ನಾಗಿ ನಡೀತೈತಾ?"

"ಬಿಲ್ಕುಲ್. ಇವತ್ತಿನ ತನಕ ಒಬ್ರೂ ವಾಪಸ್ ತಂದಿಲ್ಲ ನೋಡ್ರಿ."

"ಎಷ್ಟು ಮಾರಿದೀರಿ?"

"ನೀವೇ ಮೊದ್ಲು," ಎಂದರು ಹಯಾತ್ ಸಾಬರು ಸ್ವಲ್ಪವೂ ಅಳುಕದೆ. "ಇದಕ್ಕೆ ಆಗೋ ಕ್ಯಾಮೆರಾ ಊರಾಗೇ ಇಲ್ಲಲ್ಲ, ಅದಕ್ಕ ಅಗ್ಗಕ್ಕೆ ಕೊಡ್ತೀನಿ. ನಿಮ್ಮದು ಯಾವ ಕ್ಯಾಮೆರಾ ಸ್ವಾಮೇರೆ?"

ಆ ಪ್ರಶ್ನೆ ಎದೆಗೆ ನಾಟಿತು. "ಮನೇದೇ," ಎಂದೆ. (ಷಡ್ಡಕನದು ಎನ್ನಲು ನಾಲಗೆ ಏಳಲಿಲ್ಲ.) ಎಳೆದಾಡಿ, ಎರಡು ಸಲ ಎದ್ದು ಹೋದಂತೆ ಮಾಡಿ, ಒಂದು ಪ್ಯಾಂಟು ಹೊಲಿಸುವಷ್ಟು ದುಡ್ಡಿಗೆ ವ್ಯಾಪಾರ ಮುಗಿಸಿದೆ. ಜೊತೆಗೆ ಒರೆಸಲು ಒಂದು ಹಳದಿ ಬಟ್ಟೆಯನ್ನೂ ಕೊಟ್ಟರು.

ಮನೆಯಲ್ಲಿ ದಾಕ್ಷಾಯಿಣಿ ಡಬ್ಬಿಯನ್ನು ತಿರುಗಿಸಿ ನೋಡಿದಳು.

"ಇದೇನ್ರಿ?"

"ಕಾರ್ಡ್ ರೀಡರ್."

"ಏನು ಮಾಡ್ತೈತೆ?"

"ಕ್ಯಾಮೆರಾದ ಫೋಟೋ ತೋರಿಸ್ತೈತೆ."

"ನಮ್ಮ ಹತ್ರ ಕ್ಯಾಮೆರಾ ಎಲ್ಲೈತೆ?"

"ಬಕ್ಕೇಶನ ಹತ್ರ ಐತಲ್ಲ."

ಅವಳು ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಅದು ಅಪಾಯದ ಲಕ್ಷಣ. "ನಾನು ಮಿಕ್ಸಿ ಜಾರು ಒಡೆದೈತೆ, ಒಂದು ತರ್ರಿ ಅಂದು ಬಾಯಿ ನೋಯಿಸ್ಕೊಂಡೆ. ನಮ್ಮ ಮಿಕ್ಸಿಗೆ ಜಾರಿಲ್ಲ, ಅವರ ಕ್ಯಾಮೆರಾಕ್ಕೆ ನೀವು ಸಾಮಾನು ತಂದ್ರಿ. ಯಾಕ?"

"ನಿಮ್ಮ ಅಪ್ಪ ಅಮ್ಮಗೆ ಮೊಮ್ಮಗಳ ಫೋಟೋ ತೋರಿಸಾಕೆ," ಎಂದೆ, ದನಿಯಲ್ಲಿ ಜೇನು ಸುರಿಸಿ.

ತವರಿನ ಹೆಸರು ಬಂದ ಕೂಡಲೇ ಅವಳ ಮುಖ ಅರಳಿತು. "ನಿಮ್ಮ ಮನಸು ಭಾಳ ದೊಡ್ಡದು ರೀ," ಎಂದಳು. ಅವಳು ಹಾಗೆ ಹೇಳಿ ಎಷ್ಟೋ ವರ್ಷಗಳಾಗಿದ್ದವು, ನಾನೂ ಸ್ವಲ್ಪ ನಂಬಿಬಿಟ್ಟೆ.

ಮುಂದಿನ ಭಾನುವಾರ ಎಲ್ಲರನ್ನೂ ಕರೆದೆವು. ಬಕ್ಕೇಶನೇ ತನ್ನ ಜೀಪಿನಲ್ಲಿ ಮಾವ, ಅತ್ತೆ, ಶಿವಲೀಲಾ ಎಲ್ಲರನ್ನೂ ಹರಿಹರದಿಂದ ಕರೆತಂದ. ಆ ಯಶಸ್ಸೂ ಅವನಿಗೇ ಹೋಯಿತು. ಹಾಲಿನಲ್ಲಿ ಚಾಪೆ ಹಾಸಿ, ಕಂಪ್ಯೂಟರಿನ ಗವುಸು ತೆಗೆದು, ಪಕ್ಕದಲ್ಲಿ ಹಳದಿ ಬಟ್ಟೆಯ ಮೇಲೆ ಕಾರ್ಡ್ ರೀಡರನ್ನು ಇಟ್ಟಿದ್ದೆ. ಮಾವನಿಗೆ ಒಂದು ಕುರ್ಚಿ, ಅವರ ಬಲಗಡೆ ನನಗೊಂದು ಕುರ್ಚಿ. ಇದು ನನ್ನ ಮನೆ. ಇಲ್ಲಿ 'ನೀವು ಮನೆಯವರು' ಎಂಬ ಮಾತು ನಡೆಯುವುದಿಲ್ಲ.

ಅತ್ತೆ ನಮ್ಮ ಕಡೆಯ ಹಳೆಯ ಪದ್ಧತಿಯವರು. ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ನಾನು ಮೊಳದೂರದಲ್ಲಿ ಕೂತಿದ್ದರೂ ಮಗಳ ಮೂಲಕವೇ ಹೇಳಬೇಕು. "ದಾಕ್ಷಿ, ಹೊಸ ಸಾಮಾನು, ಪೂಜೆ ಮಾಡಿದಾರಾ ಕೇಳು," ಎಂದರು. ಮಾವ ತಾವೇ ಎದ್ದು ವಿಭೂತಿ ಕಲಸಿ ರೀಡರಿಗೆ ಮೂರು ಬೆರಳು ಎಳೆದರು. ಇನ್ನೇನು ಬಿಲ್ಲೆ ಹೋಗುವ ಸೀಳಿಗೂ ಒತ್ತಬೇಕು, ಸ್ನೇಹಾ ಅವರ ಕೈ ಹಿಡಿದಳು.

"ಅಜ್ಜ, ಅಲ್ಲಿ ಬ್ಯಾಡ. ಸೀಳು ಮುಚ್ಚಿದ್ರೆ ಏನೂ ಕಾಣಂಗಿಲ್ಲ."

ಆಗ ನಾನು ಅವಳ ಬುದ್ಧಿಯನ್ನು ಮೆಚ್ಚಿಕೊಂಡೆ. ಅದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ನಾನು ನಿಂತು ಎರಡು ಮಾತು ಆಡಿದೆ. ವಿಜ್ಞಾನವು ಇಂದು ಎಲ್ಲಿಂದ ಎಲ್ಲಿಗೋ ಹೋಗಿದೆಯೆಂದೂ, ಕೆಲವರು ವಿದೇಶಕ್ಕೆ ಹೋಗಿ ಸಾಮಾನು ತಂದರೂ ಅದರ ಮರ್ಮ ಭೇದಿಸಲು ಸ್ವದೇಶದ ಬುದ್ಧಿಯೇ ಬೇಕೆಂದೂ ಹೇಳಿ, "ಈಗ ಬಿಲ್ಲೆಯಾಗೆ ಏನೈತೋ, ಏನಿಲ್ಲೋ, ಎಲ್ಲಾರೂ ಕಣ್ಣಾರೆ ನೋಡ್ರಿ," ಎಂದು ಮುಗಿಸಿದೆ. 'ಏನಿಲ್ಲೋ' ಎಂಬಲ್ಲಿ ಬಕ್ಕೇಶನ ಕಡೆ ನೋಡಿದೆ. ಅವನು ಮುಗ್ಧವಾಗಿ ಚಪ್ಪಾಳೆ ತಟ್ಟಿದ.

ಸ್ನೇಹಾ ಬಿಲ್ಲೆ ಹಾಕಿದಳು. ನಮ್ಮ ಕಂಪ್ಯೂಟರು ನಿಧಾನಸ್ಥ. ಫೋಟೋವನ್ನು ಒಮ್ಮೆಗೇ ತೋರಿಸುವುದಿಲ್ಲ. ಮೇಲಿನಿಂದ ಒಂದೊಂದೇ ಪಟ್ಟಿಯಾಗಿ, ಸೀರೆಯ ಮಡಿಕೆ ಬಿಚ್ಚಿದ ಹಾಗೆ ಇಳಿಸುತ್ತದೆ. ಪರದೆಯ ಮೇಲೆ ಮೊದಲು ತೊಲೆ ಕಂಡಿತು. ಆಮೇಲೆ ತೊಟ್ಟಿಲಿನ ಸರಪಳಿ. ಆಮೇಲೆ ಹೂವಿನ ಹಾರ, ಕುಲಾವಿ, ಕಡೆಗೆ ಬಾಯಿ ತುಂಬ ನಗುವ ಕೂಸು.

"ಅಯ್ಯೋ ನನ್ನ ಬಂಗಾರ," ಎಂದು ಅತ್ತೆ ಪರದೆಗೇ ದೃಷ್ಟಿ ತೆಗೆದರು. ಮಾವ ಬಕ್ಕೇಶನ ಬೆನ್ನು ತಟ್ಟಿದರು. ಫೋಟೋ ಮದುವೆ ಆಲ್ಬಮ್ಮಿಗಿಂತ ಚೆನ್ನಾಗಿತ್ತು.

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಂದರೆ ಖಾಲಿ ಅಲ್ಲ. ಬೆಂಕಿಯ ಹಿಂದೆಯೇ ಇನ್ನೊಂದು ವಿಚಾರ ತಣ್ಣಗೆ ಬಂತು. ಇದು ಖಾಲಿ ಅಲ್ಲವೆಂದರೆ ಯಾವುದೂ ಖಾಲಿ ಅಲ್ಲ. ಆ ಮಧ್ಯಾಹ್ನ ಹೊಡೆದ ಒಂದೊಂದು ಬೆಳಕೂ ಈ ಬಿಲ್ಲೆಯಲ್ಲಿ ಕೂತಿದೆ. ಆ ಮಧ್ಯಾಹ್ನ ನಾನು ಏನೇನು ಮಾಡಿದ್ದೆನೋ ಒಂದೊಂದಾಗಿ ನೆನಪಾಗತೊಡಗಿತು.

"ಸಾಕಮ್ಮ ಸ್ನೇಹಾ, ಕಂಪ್ಯೂಟರ್ ಬಿಸಿ ಆಗ್ತೈತೆ," ಎಂದೆ.

"ಈಗ ತಾನೆ ಹಚ್ಚೀವಿ ಅಪ್ಪಾಜಿ."

ಎರಡನೆಯದು ಇಳಿಯಿತು. ಜೋಗುಳ ಹಾಡುವ ಹೆಂಗಸರು, ಅವರ ಹಿಂದೆ ಕಂಬ, ಕಂಬದ ಪಕ್ಕ ಒಂದು ಮುಖ. ಹುಳಿ ಮಜ್ಜಿಗೆ ಕುಡಿದವನ ಮುಖ. ಕಣ್ಣು ನೇರ ಕ್ಯಾಮೆರಾದ ಮೇಲೆ, ಅದನ್ನು ಸುಟ್ಟು ಬೂದಿ ಮಾಡುವಂತೆ.

"ಅದ್ಯಾರು ಹಿಂದೆ?" ಎಂದರು ಮಾವ ಕನ್ನಡಕ ಏರಿಸಿ.

ಸ್ನೇಹಾ ಅದನ್ನು ದೊಡ್ಡದು ಮಾಡಿದಳು. ಆ ಮುಖ ಪರದೆ ತುಂಬಿಕೊಂಡಿತು. ನಾನು ಇಷ್ಟು ವರ್ಷ ಕ್ಷೌರ ಮಾಡಿಕೊಂಡ ಮುಖ, ಕನ್ನಡಿಯಲ್ಲಿ ಮಾತ್ರ ಒಮ್ಮೆಯೂ ಹೀಗೆ ಕಂಡಿರಲಿಲ್ಲ.

"ಪ್ರಭು, ಅವತ್ತು ನಿಮ್ಗೆ ಹೊಟ್ಟೆನೋವು ಇತ್ತೇನು?" ಎಂದು ಮಾವ ನಿಜವಾದ ಕಳಕಳಿಯಿಂದ ಕೇಳಿದರು.

"ಹೊಟ್ಟೇದೇ ಇರ್ಬೇಕು," ಎಂದಳು ದಾಕ್ಷಾಯಿಣಿ.

ಮುಂದಿನದು, ಅದರ ಮುಂದಿನದು, ಎಲ್ಲದರಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಆ ಹುಳಿ ಮುಖ. ಒಂದರಲ್ಲಿ ಮಾವನೂ ಬಕ್ಕೇಶನೂ ಅಕ್ಕಪಕ್ಕ ಕೂತು ನಗುತ್ತಿದ್ದರು; ಅದನ್ನು ಶಿವಲೀಲಾ ಹೊಡೆದಿದ್ದಳಂತೆ. ಅವರ ಹಿಂದೆ ನಾನು ನೀರಿನ ಲೋಟವನ್ನು ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿ, ಸೊಂಟ ಬಗ್ಗಿಸಿ, ಬಕ್ಕೇಶ ಫೋಟೋ ತೆಗೆಯುವ ಭಂಗಿಯನ್ನು ಅಣಕಿಸುತ್ತಿದ್ದೆ. ಶಿವಲೀಲಾ ಸೆರಗು ಬಾಯಿಗೆ ಇಟ್ಟುಕೊಂಡಳು. ನಾನು ಕರೆಂಟು ಹೋಗಲೆಂದು ಮನಸ್ಸಿನಲ್ಲೇ ಶಿವಶಿವಾ ಎಂದೆ. ದಿನಾ ಇಸ್ಪೀಟಿನ ನಡುವೆ ಕೈ ಕೊಡುವ ಕರೆಂಟು ಆ ದಿನ ಕದಲಲಿಲ್ಲ.

"ಇನ್ನು ಒಂದೇ ಐತೆ," ಎಂದಳು ಸ್ನೇಹಾ.

"ಅದು ಬ್ಯಾಡ. ಊಟಕ್ಕೆ ಹೊತ್ತಾತು."

"ಇರ್ಲಿ ಬಿಡ್ರಿ, ಒಂದೇ ಅಲ್ಲೇನು," ಎಂದರು ಮಾವ.

ಮೇಲಿನಿಂದ ಇಳಿಯತೊಡಗಿತು. ಮೊದಲು ಉಗ್ರಾಣದ ಬಾಗಿಲ ತೋರಣ. ಆಮೇಲೆ ನನ್ನ ಬೊಕ್ಕ ತಲೆಯ ಹೊಳಪು. ಆಮೇಲೆ ಪರಮಾನಂದದಲ್ಲಿ ಅರ್ಧ ಮುಚ್ಚಿದ ಎರಡು ಕಣ್ಣು. ಎರಡೂ ಕಡೆ ಉಬ್ಬಿದ ಕೆನ್ನೆ. ತುಪ್ಪ ಹರಿಯುವ ಗದ್ದ. ಪುಣ್ಯಾತ್ಮ ಕಂಪ್ಯೂಟರು ಅಲ್ಲಿ ಒಂದು ಕ್ಷಣ ನಿಂತಿತು. ನಾನು ಉಸಿರು ಬಿಟ್ಟೆ. ಮತ್ತೆ ಇಳಿಯಿತು. ಎಡಗೈಯಲ್ಲಿ ಮಡಿಸಿದ ಹೋಳಿಗೆಗಳು. ಬಲಗೈಯಲ್ಲಿ ಒಂದು ಹೋಳಿಗೆ, ಕ್ಯಾಮೆರಾದ ಮುಂದಕ್ಕೆ ಆರತಿಯ ಹಾಗೆ ಎತ್ತಿ ಹಿಡಿದದ್ದು.

ಮೊದಲು ಬಾಯಿ ಬಿಟ್ಟವನು ಬಕ್ಕೇಶ. ಅವನ ಮುಖದಲ್ಲಿ ಹೆಮ್ಮೆ ಇತ್ತು.

"ಇದು ಭಾಳ ಚೆನ್ನಾಗಿ ಬಂದೈತೆ ನೋಡ್ರಿ. ನಾನು ಹೋಳಿಗೆ ಬುಟ್ಟಿ ಹೊಡೆಯಾಕೆ ಹೋಗಿದ್ದೆ. ಅಣ್ಣಾರೇ ಬುಟ್ಟಿ ಹಿಂದಿಂದ ಎದ್ದು, 'ಹೊಡಿಯಪ್ಪ ಹೊಡಿ, ನಂದೂ ಒಂದು ಹೊಡಿ' ಅಂದ್ರು. ಭಾಳ ಪ್ರೀತಿಯಿಂದ ಅಂದ್ರಲ್ಲ ಅಂತ ಹತ್ರ ಹೋಗಿ ಹೊಡ್ದೆ."

ನಾನು ಹಾಗೆ ಅಂದದ್ದು ನಿಜ. ಖಾಲಿ ಫ್ಲ್ಯಾಶಿಗೆ ಯಾರು ಹೆದರುತ್ತಾರೆ?

ದಾಕ್ಷಾಯಿಣಿ ನಿಧಾನವಾಗಿ ಎದ್ದಳು. "ತೊಟ್ಟಿಲು ಕಾರ್ಯದಿಂದ ಬಂದ ಮೇಲೆ ರಕ್ತ ಕೊಟ್ರಲ್ಲ, ಸಕ್ಕರೆ ಭಾಳ ಐತೆ ಅಂತ ಬಂತಲ್ಲ. ನಮ್ಮೋರು ಸಿಹಿ ಬಾಯಿಗೆ ಮುಟ್ಟಿಸಿಲ್ಲ, ನಿಮ್ಮ ಮಿಷನ್ನೇ ಸರಿ ಇಲ್ಲ ಅಂತ ಆ ಲ್ಯಾಬಿನೋರ ಜೊತೆ ಬೀದಿಯಾಗೆ ನಿಂತು ಜಗಳ ಆಡಿದೆ. ಅವರು ಹೆದರಿ ದುಡ್ಡು ವಾಪಸ್ ಕೊಟ್ರು."

ಅತ್ತೆ ಪರದೆಯಿಂದ ಕಣ್ಣು ಕೀಳದೆ, ಪದ್ಧತಿ ತಪ್ಪದೆ, ಮಗಳಿಗೆ ಹೇಳಿದರು. "ದಾಕ್ಷಿ, ನಿಮ್ಮೋರಿಗೆ ಹೋಳಿಗೆ ಬೇಕಿದ್ರೆ ಒಂದು ಮಾತು ಕೇಳಬಾರ್ದಿತ್ತಾ? ಉಗ್ರಾಣದಾಗೆ ಬುಟ್ಟಿ ಹಿಂದೆ ಕುಕ್ಕರುಗಾಲಲ್ಲಿ ಕೂತು ತಿನ್ನೋದು ಯಾಕಂತೆ?"

ನನ್ನ ಪರವಾಗಿ ಮಾತಾಡಿದವನು ಒಬ್ಬನೇ, ಬಕ್ಕೇಶ. "ಹೋಗ್ಲಿ ಬಿಡ್ರಿ ಅತ್ತಿಗೆ, ಆಸೆ ಎಲ್ಲಾರಿಗೂ ಇರ್ತೈತೆ," ಎಂದ. ಅವನು ಒಳ್ಳೆಯವನು ಎಂಬುದು ಆಗ ನನಗೆ ಗೊತ್ತಾಯಿತು. ಅದರಿಂದ ಹೊಟ್ಟೆ ಇನ್ನೂ ಜಾಸ್ತಿ ಉರಿಯಿತು.

ಮಾವ ಕನ್ನಡಕ ತೆಗೆದು ಮಡಿಸಿದರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು ತೀರ್ಪು ಕೊಟ್ಟರು.

"ಇದರಾಗೆ ನಂದೇ ತಪ್ಪೈತೆ. ಹಿರೇ ಅಳಿಯನ್ನ ದೂರ ಕೂಡ್ರಿಸಿದೆ, ಅದಕ್ಕ ಹಿಂಗಾತು. ಇನ್ಮೇಲೆ ಯಾವ ಕಾರ್ಯ ಆದ್ರೂ ಪ್ರಭು ನನ್ನ ಬಲಗಡೆ. ಇದರಾಗೆ ಎರಡು ಮಾತಿಲ್ಲ."

ಒಂದು ಕ್ಷಣ ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಗೆದ್ದೆ. ಮಾನ ಹೋದರೂ ಮಣೆ ಬಂತು. ಕಾರ್ಡ್ ರೀಡರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮಾವನ ಮಾತು ಇನ್ನೂ ಮುಗಿದಿರಲಿಲ್ಲ. "ನನಗೂ ಸಕ್ಕರೆ, ಅವರಿಗೂ ಸಕ್ಕರೆ. ನನ್ನ ಎಲೆಗೆ ಏನು ಬೀಳ್ತೈತೋ ಅದೇ ಅವರ ಎಲೆಗೆ. ನಾನು ಕಣ್ಣಿಟ್ಟು ನೋಡ್ಕೊಂತೀನಿ."

ಮೊನ್ನೆ ಅದೇ ಕೂಸಿಗೆ ಮೊದಲ ಕೂದಲು ತೆಗೆಸಿ ಜವಳದ ಊಟ ಹಾಕಿದರು. ನಾನು ಮಾವನ ಬಲಗಡೆ ವಿರಾಜಮಾನನಾಗಿದ್ದೆ. ಬಡಿಸುವವರು ಮೊದಲು ಮಾವನ ಎಲೆಗೆ ಬಗ್ಗಿದರು, ಎರಡನೆಯದಾಗಿ ನನ್ನ ಎಲೆಗೆ. ನವಣೆ ಅನ್ನ, ಉಪ್ಪಿಲ್ಲದ ಮೆಂತ್ಯದ ಸಾರು, ಹಾಗಲಕಾಯಿ ಪಲ್ಯ. ಎರಡನೆಯ ಸಲ ಹಾಗಲಕಾಯಿ ಬಂದಾಗ ಮಾವ, "ಹಿರೇ ಅಳಿಯರಿಗೆ ಇನ್ನೊಂದಿಷ್ಟು ಹಾಕ್ರಿ," ಎಂದು ಉಪಚಾರ ಮಾಡಿದರು. ಹೋಳಿಗೆಯ ಬುಟ್ಟಿ ನಮ್ಮಿಬ್ಬರನ್ನು ದಾಟಿ ಓಡಿತು.

ನಲ್ಲಿಯ ಹತ್ತಿರ, ನಾನು ಬಿಟ್ಟುಬಂದ ಜಾಗದಲ್ಲಿ ಬಕ್ಕೇಶ ಕೂತಿದ್ದ. ಬುಟ್ಟಿ ಕೊನೆಗೆ ಅವನ ಹತ್ತಿರ ನಿಂತಿತು, ಬಡಿಸುವವನು ಉಳಿದದ್ದನ್ನೆಲ್ಲ ಅವನ ಎಲೆಗೇ ಸುರಿದ. ಅವನು ತುಪ್ಪದ ಕೈ ಒರೆಸಿಕೊಂಡು, ನನ್ನನ್ನು ಕಂಡು, ಕ್ಯಾಮೆರಾ ಎತ್ತಿದ.

"ಅಣ್ಣಾರೆ, ಸ್ವಲ್ಪ ನಗ್ರಿ."

ನಾನು ಹಾಗಲಕಾಯಿಯನ್ನು ನುಂಗಿ ನಕ್ಕೆ. ಮಾವನ ಬಲಗಡೆಯ ಮಣೆಯಿಂದ ಪಂಕ್ತಿಯ ಕೊನೆಯ ಎಲೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ಅಷ್ಟು ವರ್ಷ ಅಲ್ಲಿ ಕೂತಿದ್ದರೂ ನನಗೆ ಗೊತ್ತಿರಲಿಲ್ಲ.